ಹಗ್ಗ, ರಾಟೆ, ಅಜ್ಜಿಯ ಕೈ: ಕೊನೆಯ ಸೆಮಿಸ್ಟರಿನ ಆನಿಮೇಷನ್ ಚಿತ್ರದ ಕೆಲಸದ ದಾಖಲೆ

ಚಿತ್ರದ ಉದ್ದ 96 ಸೆಕೆಂಡ್. ಶಾಟ್ 11, ಪಾತ್ರ ಒಂದೇ. ಕರಾವಳಿಯ ಒಂದು ಮನೆಯ ಹಿತ್ತಲು, ಮುರಕಲ್ಲು ಕಟ್ಟಿದ ಬಾವಿ, ಕಬ್ಬಿಣದ ರಾಟೆ. ಅಜ್ಜಿ ಬರುತ್ತಾಳೆ, ಕೊಡಪಾನ ಇಳಿಸಿ ನೀರು ಸೇದುತ್ತಾಳೆ, ಒಂದಿಷ್ಟನ್ನು ತುಳಸಿಕಟ್ಟೆಗೆ ಸುರಿದು ಉಳಿದದ್ದನ್ನು ಒಳಗೆ ಒಯ್ಯುತ್ತಾಳೆ. ಆನಿಮೇಷನ್ ಪದವಿಯ ಕೊನೆಯ ಸೆಮಿಸ್ಟರಿನಲ್ಲಿ ಒಬ್ಬ ವಿದ್ಯಾರ್ಥಿ, 16 ವಾರ, 8 ಜಿಬಿ ಗ್ರಾಫಿಕ್ಸ್ ಕಾರ್ಡ್ ಇರುವ ಒಂದು ಕಂಪ್ಯೂಟರ್: ಇಷ್ಟರಲ್ಲಿ ಚೊಕ್ಕವಾಗಿ ಮುಗಿಯುವ ಕಥೆಯ ಅಳತೆ ಇದು. ಮಾತಿಲ್ಲ, ಆದ್ದರಿಂದ ತುಟಿ ಚಲನೆಯ ಕೆಲಸವಿಲ್ಲ. ಎರಡನೇ ಪಾತ್ರವಿಲ್ಲ, ಆದ್ದರಿಂದ ಎರಡನೇ ರಿಗ್ (ಪಾತ್ರವನ್ನು ಆಡಿಸುವ ಮೂಳೆಗಳ ಚೌಕಟ್ಟು) ಇಲ್ಲ. ಉಳಿದ ಶಕ್ತಿಯೆಲ್ಲ ಆರನೇ ಶಾಟಿಗೆ: ಅಜ್ಜಿ ಎರಡೂ ಕೈಯಿಂದ ಒಂದರ ಮೇಲೊಂದು ಹಿಡಿದು ಹಗ್ಗ ಎಳೆಯುವ 9 ಸೆಕೆಂಡ್, ಅಂದರೆ ಸೆಕೆಂಡಿಗೆ 24ರಂತೆ 216 ಫ್ರೇಮ್.

ಸಾಫ್ಟ್‌ವೇರ್ ಮೂರು ಆಯಾಮದ ಚಿತ್ರ ಮಾಡುವ ಬ್ಲೆಂಡರ್ 4.2. ಇದು 2024ರ ಜುಲೈನಲ್ಲಿ ಬಂದ ದೀರ್ಘಾವಧಿ ಬೆಂಬಲದ ಆವೃತ್ತಿ. ಕೆಲಸ ಶುರುವಾದ ಮೇಲೆ ಆವೃತ್ತಿ ಬದಲಿಸುವಂತಿಲ್ಲ. 4.0ರಲ್ಲಿ ರಿಗ್‌ನ ಮೂಳೆಗಳನ್ನು ಗುಂಪು ಮಾಡುವ ಲೇಯರ್ ಹೋಗಿ ಬೋನ್ ಕಲೆಕ್ಷನ್ ಬಂತು, ಮೇಲ್ಮೈಯ ಬಣ್ಣ ಹೊಳಪು ತೀರ್ಮಾನಿಸುವ ಮುಖ್ಯ ಶೇಡರಿನ ಒಳಗೂ ಬದಲಾವಣೆ ಆಯಿತು. ಹಳೆಯದರಲ್ಲಿ ಅರ್ಧ ಮುಗಿಸಿದ ಕಡತವನ್ನು ಹೊಸದರಲ್ಲಿ ತೆರೆದವರಿಗೆ ರಿಗ್ ಪಟ್ಟಿ, ಚರ್ಮದ ಬಣ್ಣ ಎರಡನ್ನೂ ಮತ್ತೆ ನೋಡಬೇಕಾಯಿತು. ಹನ್ನೆರಡನೇ ವಾರದಲ್ಲಿ ಆ ಕೆಲಸಕ್ಕೆ ಸಮಯ ಸಿಗುವುದಿಲ್ಲ.

ಮೊದಲ ದಿನವೇ ಲೆಕ್ಕವನ್ನು ಹಿಂದಿನಿಂದ ಮಾಡಬೇಕು. 96 ಸೆಕೆಂಡನ್ನು 24ರಿಂದ ಗುಣಿಸಿದರೆ 2304 ಫ್ರೇಮ್. ಒಂದು ಫ್ರೇಮ್ ರೆಂಡರ್ ಆಗಲು (ಕಂಪ್ಯೂಟರ್ ಅಂತಿಮ ಚಿತ್ರ ಲೆಕ್ಕಹಾಕಿ ಮುಗಿಸಲು) 5 ನಿಮಿಷ ಹಿಡಿದರೆ 192 ಗಂಟೆ, ಪೂರ್ತಿ 8 ದಿನ, ಅದೂ ಒಂದು ತಪ್ಪೂ ಆಗದಿದ್ದರೆ. ಎರಡೇ ನಿಮಿಷ ಸಾಕಾದರೆ 77 ಗಂಟೆ. ಒಮ್ಮೆ ತಪ್ಪಿ ಎರಡನೇ ಸಲ ಮಾಡಲು ಜಾಗ ಬೇಕೆಂದರೆ ಗುರಿ 2 ನಿಮಿಷವೇ. ಬಾವಿಯ ಆಳ, ಪಾಚಿ, ಸೀರೆಯ ನೇಯ್ಗೆ ಎಷ್ಟು ಸೂಕ್ಷ್ಮ ಇರಬೇಕು ಎಂಬುದೆಲ್ಲ ಈ ಸಂಖ್ಯೆಯಿಂದ ತೀರ್ಮಾನವಾಗುತ್ತದೆ.

ವಾರ 1–2: ಪೆಟ್ಟಿಗೆಗಳ ಅಜ್ಜಿ

ಆನಿಮ್ಯಾಟಿಕ್ (ಸ್ಥಿರ ಚಿತ್ರಗಳನ್ನು ಸಮಯಕ್ಕೆ ಜೋಡಿಸಿದ ಕರಡು) ಮುಗಿದ ಕೂಡಲೇ ಮುಖದ ಮಾಡೆಲಿಂಗಿಗೆ ಕೂರುವುದು ಸಾಮಾನ್ಯ. ಇಲ್ಲಿ ಹಾಗೆ ಮಾಡಲಿಲ್ಲ. ಬೂದು ಬಣ್ಣದ ಪೆಟ್ಟಿಗೆ, ಸಿಲಿಂಡರುಗಳಲ್ಲೇ ಒಂದು ಮೈ ಕಟ್ಟಿ, ಬ್ಲೆಂಡರಿನ ರಿಗಿಫೈ ಸೌಲಭ್ಯದ ಮನುಷ್ಯ ರಿಗ್ ಕೂರಿಸಿ ಮೊದಲು ಹಗ್ಗ ಎಳೆಸಿದ್ದು. ಎತ್ತರ 1.48 ಮೀಟರ್, ಭುಜದಿಂದ ಮಣಿಕಟ್ಟಿಗೆ 0.5 ಮೀಟರ್. ಈ ಶಾಟ್ ಆಗುವುದಿಲ್ಲವೆಂದರೆ ಕಥೆಯನ್ನೇ ಬದಲಿಸಬೇಕು, ಅದು ಎರಡನೇ ವಾರದಲ್ಲೇ ಗೊತ್ತಾಗಬೇಕು.

ಆಧಾರಕ್ಕೆ ನಿಜವಾದ ಬಾವಿಕಟ್ಟೆಯಲ್ಲಿ ನೀರು ಸೇದುವುದನ್ನು ಮೊಬೈಲಿನಲ್ಲಿ ಎರಡು ಕಡೆಯಿಂದ, ಎದುರಿನಿಂದ ಮತ್ತು ಪಕ್ಕದಿಂದ, ಚಿತ್ರೀಕರಿಸಿದ್ದು. ಮೊಬೈಲ್ ವಿಡಿಯೋ ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್, ಅದೂ ಏಕರೂಪವಾಗಿ ಇರುವುದಿಲ್ಲ. ಅದನ್ನು ಹಾಗೆಯೇ 24ರ ದೃಶ್ಯಕ್ಕೆ ತಂದರೆ 30 ಫ್ರೇಮಿನ ಒಂದು ಸೆಕೆಂಡ್ ಒಂದೂಕಾಲು ಸೆಕೆಂಡಾಗಿ ಹಿಗ್ಗುತ್ತದೆ, ಎಳೆತವೆಲ್ಲ ನಿಧಾನವಾಗಿ ಕಾಣುತ್ತದೆ. ಮೊದಲೇ ಸ್ಥಿರವಾದ 24ಕ್ಕೆ ಪರಿವರ್ತಿಸಿಕೊಳ್ಳಬೇಕು.

ಆಧಾರದಲ್ಲಿ ಕಂಡದ್ದು: ಕೈ ಎಳೆಯುವುದಕ್ಕಿಂತ ಎರಡು ಮೂರು ಫ್ರೇಮ್ ಮೊದಲೇ ಸೊಂಟ ಹಿಂದಕ್ಕೂ ಕೆಳಕ್ಕೂ ಹೋಗಿರುತ್ತದೆ. ಭಾರ ಹಿಂದಿನ ಕಾಲಿನ ಮೇಲೆ. ಒಂದು ಎಳೆತಕ್ಕೆ ಹಗ್ಗ ಸುಮಾರು 45 ಸೆಂ.ಮೀ. ಬರುತ್ತದೆ. ಎಳೆತ ಮುಗಿದ ಮೇಲೆ ಹಗ್ಗ ಒಂದು ಕ್ಷಣ ನಿಲ್ಲುತ್ತದೆ, ಆಗ ಮೇಲಿನ ಕೈ ಬಿಗಿಯಾಗುತ್ತದೆ, ಕೆಳಗಿನ ಕೈ ಸಡಿಲವಾಗುತ್ತದೆ. ಆ ಕ್ಷಣವೇ ಈ ಶಾಟಿನ ಕೀಲಿಕೈ.

ಹಗ್ಗ ಮತ್ತು ರಾಟೆ

ತೆಂಗಿನ ನಾರಿನ ಹಗ್ಗ, ದಪ್ಪ 2 ಸೆಂ.ಮೀ., ಮೂರು ಎಳೆ ಹೊಸೆದದ್ದು. 7 ಸೆಂ.ಮೀ. ಉದ್ದದ ಒಂದು ಪೂರ್ತಿ ಹೊಸೆತ ಮಾತ್ರ ಮಾಡೆಲ್ ಮಾಡಿ, ಒಂದನ್ನೇ ಸಾಲಾಗಿ ನಕಲಿಸುವ ಅರೇ ಮಾಡಿಫೈಯರಿನಲ್ಲಿ 200 ಪ್ರತಿ ಹಾಕಿದರೆ 14 ಮೀಟರ್ ಹಗ್ಗ ಸಿದ್ಧ. ಪ್ರತಿಗಳ ಸಂಖ್ಯೆಯನ್ನು ಸ್ಥಿರವಾಗಿಡಬೇಕು. ಕರ್ವಿನ (ಹಗ್ಗ ಹೋಗುವ ದಾರಿಯ ಗೆರೆಯ) ಉದ್ದಕ್ಕೆ ಹೊಂದಿಸಿಕೊಳ್ಳುವ ಆಯ್ಕೆ ಕೊಟ್ಟರೆ ಕರ್ವ್ ಸ್ವಲ್ಪ ಅಲ್ಲಾಡಿದಾಗ ಒಂದು ಪ್ರತಿ ಹೆಚ್ಚು ಕಡಿಮೆಯಾಗುತ್ತದೆ. ವರ್ಟೆಕ್ಸ್ (ಮಾಡೆಲಿನ ಬಿಂದು) ಸಂಖ್ಯೆ ಬದಲಾದ ಫ್ರೇಮಿನಲ್ಲಿ ಮೋಷನ್ ಬ್ಲರ್ (ಚಲನೆಯ ಮಸುಕು) ಸಿಗುವುದಿಲ್ಲ.

ಅದರ ಮೇಲೆ, ಹಗ್ಗವನ್ನು ಆ ಗೆರೆಗೆ ಬಗ್ಗಿಸುವ ಕರ್ವ್ ಮಾಡಿಫೈಯರ್. ಕರ್ವ್ ಹೋಗುವ ದಾರಿ: ಅಜ್ಜಿಯ ಮೊಣಕಾಲಿನ ಎತ್ತರದಿಂದ ರಾಟೆಗೆ, ರಾಟೆಯ ಮೇಲೆ ಅರ್ಧವೃತ್ತ, ಅಲ್ಲಿಂದ ನೇರ ಬಾವಿಯೊಳಕ್ಕೆ. ಕರ್ವ್ ಕದಲುವುದಿಲ್ಲ. ಹಗ್ಗದ ಆಬ್ಜೆಕ್ಟನ್ನು ಅದರ ಎಕ್ಸ್ ಅಕ್ಷದಲ್ಲಿ ಸರಿಸಿದರೆ ಹಗ್ಗ ಆ ದಾರಿಯಲ್ಲಿ ಜಾರುತ್ತದೆ. ಇಲ್ಲಿ ಎರಡು ತಪ್ಪು ಆಗುತ್ತವೆ. ಹಗ್ಗದ ಅಥವಾ ಕರ್ವಿನ ಸ್ಕೇಲ್ 1 ಇಲ್ಲದಿದ್ದರೆ 45 ಸೆಂ.ಮೀ. ಸರಿಸಿದಾಗ ಬೇರೆಯದೇ ಅಳತೆ ಸರಿಯುತ್ತದೆ. ಕಂಟ್ರೋಲ್ ಎ ಒತ್ತಿ ಸ್ಕೇಲ್ ಅಪ್ಲೈ ಮಾಡಬೇಕು, ಎರಡರ ಒರಿಜಿನ್ (ಮೂಲಬಿಂದು) ಒಂದೇ ಕಡೆ ಇಡಬೇಕು. ಇನ್ನೊಂದು, ಕರ್ವಿನ ಟ್ವಿಸ್ಟ್ ವಿಧಾನ ಝಡ್-ಅಪ್ ಆಗಿದ್ದರೆ ನೆಟ್ಟಗೆ ಕೆಳಗಿಳಿಯುವ ಭಾಗದಲ್ಲಿ ಹಗ್ಗ ತಿರುಚಿಕೊಳ್ಳುತ್ತದೆ, ಏಕೆಂದರೆ ಅಲ್ಲಿ ಹಗ್ಗದ ದಿಕ್ಕೂ ಝಡ್ ಅಕ್ಷವೂ ಒಂದೇ ಆಗಿ ‘ಮೇಲೆ’ ಯಾವುದೆಂಬ ಆಧಾರ ತಪ್ಪುತ್ತದೆ. ಮಿನಿಮಮ್ ಆಯ್ಕೆ ಕೊಟ್ಟರೆ ಸರಿಹೋಯಿತು.

ಈಗ ಮುಖ್ಯವಾದದ್ದು. ಒಂದು ಎಂಪ್ಟಿಗೆ (ರೆಂಡರಿನಲ್ಲಿ ಕಾಣದ ಗುರುತು ಬಿಂದುವಿಗೆ) ‘ಸೇದಿದ ಉದ್ದ’ ಎಂಬ ಒಂದೇ ಕಸ್ಟಮ್ ಪ್ರಾಪರ್ಟಿ, ಅಳತೆ ಮೀಟರಿನಲ್ಲಿ. ಹಗ್ಗದ ಜಾರುವಿಕೆ, ಕೊಡಪಾನದ ಎತ್ತರ, ರಾಟೆಯ ತಿರುಗುವಿಕೆ ಮೂರಕ್ಕೂ ಅದೇ ಡ್ರೈವರ್, ಅಂದರೆ ಅವನ್ನು ನಡೆಸುವ ಸಂಖ್ಯೆ. ಕೀ ಹಾಕುವುದು (ಯಾವ ಫ್ರೇಮಿನಲ್ಲಿ ಎಷ್ಟು ಎಂದು ಗುರುತಿಸುವುದು) ಆ ಒಂದು ಸಂಖ್ಯೆಗೆ ಮಾತ್ರ. ಮೂರನ್ನೂ ಬೇರೆ ಬೇರೆ ಕೈಯಿಂದ ಆನಿಮೇಟ್ ಮಾಡಿದರೆ ಪ್ರತಿ ತಿದ್ದುಪಡಿಗೂ ಮೂರು ಕಡೆ ತಿದ್ದಬೇಕು, ಒಂದು ಕಡೆ ಮರೆತೇ ಹೋಗುತ್ತದೆ.

ರಾಟೆಯ ಸೂತ್ರ: ಉದ್ದವನ್ನು ತ್ರಿಜ್ಯದಿಂದ ಭಾಗಿಸಬೇಕು. ಉತ್ತರ ರೇಡಿಯನ್ನಿನಲ್ಲಿ ಬರುತ್ತದೆ. ಪರದೆಯಲ್ಲಿ ಡಿಗ್ರಿ ಕಂಡರೂ ಡ್ರೈವರಿಗೆ ಬೇಕಾದದ್ದು ರೇಡಿಯನ್ನೇ, ಆದ್ದರಿಂದ ಪರಿವರ್ತಿಸಬಾರದು. ರಾಟೆಯಲ್ಲಿ ಹಗ್ಗ ಕೂರುವ ಕಾಲುವೆಯ ತ್ರಿಜ್ಯ 11 ಸೆಂ.ಮೀ. ಮೊದಲು ಅದನ್ನೇ ಕೊಟ್ಟಾಗ ರಾಟೆ ಹಗ್ಗಕ್ಕಿಂತ ಮುಂದೆ ಓಡಿತು. ಅಳೆಯಬೇಕಾದದ್ದು ಹಗ್ಗದ ನಡುವಿನವರೆಗೆ, ಅಂದರೆ 11ಕ್ಕೆ ಹಗ್ಗದ ಅರ್ಧ ದಪ್ಪ 1 ಸೇರಿಸಿ 12. ಒಂದು ಸೆಂ.ಮೀ. ತಪ್ಪಿನಿಂದ ಪ್ರತಿ ಎಳೆತಕ್ಕೆ ರಾಟೆ 215 ಡಿಗ್ರಿಯ ಬದಲು 234 ತಿರುಗುತ್ತಿತ್ತು. ಹಗ್ಗದ ಅಳತೆಯಲ್ಲಿ ಅದು 4 ಸೆಂ.ಮೀ. ಜಾರಿದಂತೆ, ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ.

ಕೊಡಪಾನದ ತೂಗಾಟಕ್ಕೂ ಲೆಕ್ಕವಿದೆ. ಹಗ್ಗ 9 ಮೀಟರ್ ಇದ್ದಾಗ ಒಂದು ಪೂರ್ತಿ ತೂಗಿಗೆ 6 ಸೆಕೆಂಡ್, ಅಂದರೆ 144 ಫ್ರೇಮ್. 1 ಮೀಟರಿಗೆ ಬಂದಾಗ 2 ಸೆಕೆಂಡ್, 48 ಫ್ರೇಮ್. ಮೇಲೆ ಬಂದಂತೆಲ್ಲ ತೂಗು ಚುರುಕಾಗಬೇಕು. ಉದ್ದಕ್ಕೂ ಒಂದೇ ವೇಗ ಕೊಟ್ಟರೆ ಕೊಡ ಹಗುರವೆನಿಸುತ್ತದೆ, ಕಾರಣ ನೋಡುಗರಿಗೆ ತಿಳಿಯದಿದ್ದರೂ.

ವಾರ 3–5

ಅಜ್ಜಿಯ ಮಾಡೆಲ್, ಟೆಕ್ಸ್‌ಚರ್, ಬಾವಿ, ಹಿತ್ತಲು. ವಿಶೇಷವಿಲ್ಲ. ಎರಡು ಎಚ್ಚರಿಕೆ ಸಾಕು: ಉಬ್ಬುತಗ್ಗು ತೋರಿಸುವ ನಾರ್ಮಲ್ ಮ್ಯಾಪ್‌ಗಳಿಗೆ ಕಲರ್ ಸ್ಪೇಸ್ ನಾನ್-ಕಲರ್ ಎಂದಿರಬೇಕು, ಇಲ್ಲದಿದ್ದರೆ ಮುರಕಲ್ಲಿನ ತೂತುಗಳ ಮೇಲೆ ಬೆಳಕು ವಕ್ರವಾಗಿ ಬೀಳುತ್ತದೆ. 4096 ಪಿಕ್ಸೆಲ್ಲಿನ ಒಂದು ಚಿತ್ರ ಮೆಮೊರಿಯಲ್ಲಿ 64 ಎಂಬಿ, ಅಂಥ 40 ಇದ್ದರೆ 2.5 ಜಿಬಿ. ಹಿಂದಿನ ಬಾಳೆಗಿಡಕ್ಕೆ 1024 ಸಾಕು, ಅದು 4 ಎಂಬಿ ಮಾತ್ರ.

ವಾರ 6–8: ಹಿಡಿತ

ಹಗ್ಗ ಹಿಡಿಯುವ ಕೈ. ಇದಕ್ಕೆ ಹೋದ ಸಮಯ ಉಳಿದ ಯಾವ ಕೆಲಸಕ್ಕೂ ಹೋಗಲಿಲ್ಲ.

ಮೊದಲ ಪ್ರಯತ್ನ, ಒಂದನ್ನು ಇನ್ನೊಂದಕ್ಕೆ ಅಂಟಿಸುವ ಚೈಲ್ಡ್ ಆಫ್ ಕನ್‌ಸ್ಟ್ರೇಂಟ್. ಮೊದಲ ಹಿಡಿತ ಸರಿಯಾಗಿ ಕೂತಿತು, ಎರಡನೇ ಹಿಡಿತಕ್ಕೆ ಕೈ ಅರ್ಧ ಮೀಟರ್ ಹಾರಿತು. ಕಾರಣ, ಅಂಟಿದ ಕ್ಷಣದ ಜಾಗ ನೆನಪಿಡುವ ಸೆಟ್ ಇನ್‌ವರ್ಸ್ ಒತ್ತಿದಾಗ ಉಳಿಯುವ ಲೆಕ್ಕ ಕನ್‌ಸ್ಟ್ರೇಂಟಿಗೆ ಒಂದೇ, ಅದಕ್ಕೆ ಕೀ ಹಾಕಲು ಬರುವುದಿಲ್ಲ. ಒಂದು ಹಿಡಿತಕ್ಕೆ ಒಂದು ಕನ್‌ಸ್ಟ್ರೇಂಟ್ ಇಟ್ಟರೆ ನಡೆಯುತ್ತದೆ, ಆದರೆ ಟೈಮಿಂಗ್ ಬದಲಿಸಿದಾಗ ಶಾಟಿನ ಆರು ಹಿಡಿತವನ್ನೂ ಮತ್ತೆ ಕೂರಿಸಬೇಕು.

ಕೊನೆಗೆ ನಿಂತ ವ್ಯವಸ್ಥೆ ಹೀಗೆ. ಕೈಗೆ ಒಂದರಂತೆ ಎರಡು ಎಂಪ್ಟಿ. ಎರಡೂ ಹಗ್ಗದ ವಾಲಿಗೆ ಸರಿಯಾಗಿ 12 ಡಿಗ್ರಿ ವಾಲಿಸಿದ ಒಂದು ಪೇರೆಂಟಿನ ಮಕ್ಕಳು, ಆದ್ದರಿಂದ ಅವು ಓಡಾಡುವುದು ಹಗ್ಗದ ಗೆರೆಯಲ್ಲೇ. ಎಂಪ್ಟಿಯ ಜಾಗ ಡ್ರೈವರಿನಿಂದ: ಸೇದಿದ ಉದ್ದದಲ್ಲಿ ‘ಹಿಡಿದ ಅಳತೆ’ಯನ್ನು ಕಳೆದು, ಅಷ್ಟು ದೂರ ಮೇಲಿನ ಬಿಂದುವಿನಿಂದ ಕೆಳಗೆ. ಬಲಗೈಯ ಹಿಡಿದ ಅಳತೆ 0, 0.90, 1.80. ಎಡಗೈಯದು 0.45, 1.35, 2.25. ಈ ಅಳತೆ ಬದಲಾಗುವುದು ಆ ಕೈ ಬಿಡುವಾಗಿರುವಾಗ ಮಾತ್ರ, ಅದೂ ಒಮ್ಮೆಲೇ ಬದಲಾಗುವ ಕಾನ್‌ಸ್ಟಂಟ್ ಕೀಯಲ್ಲಿ. ಕೈಯ ಕಂಟ್ರೋಲಿಗೆ, ಎಂಪ್ಟಿಯ ಜಾಗವನ್ನೇ ಅನುಸರಿಸುವ ಕಾಪಿ ಲೊಕೇಶನ್, ಇನ್‌ಫ್ಲುಯೆನ್ಸ್ ಹಿಡಿದಾಗ 1, ಬಿಟ್ಟಾಗ 0. ಆ ಕೀಗಳೂ ಕಾನ್‌ಸ್ಟಂಟ್ ಆಗಿರಲೇಬೇಕು. ನಿಧಾನವಾಗಿ ಬದಲಾಗುವ ಬೆಜಿಯರ್ ಆಗಿಯೇ ಉಳಿಸಿದರೆ ಕೈ ಹಗ್ಗದ ಕಡೆಗೆ ಗಾಳಿಯಲ್ಲಿ ತೇಲಿ ಬರುತ್ತದೆ. ತಿರುಗುವಿಕೆಯನ್ನು ಕನ್‌ಸ್ಟ್ರೇಂಟಿಗೆ ಕೊಡಲಿಲ್ಲ, ಮಣಿಕಟ್ಟಿನ ಬಳುಕು ಆನಿಮೇಟರನ ಕೈಯಲ್ಲೇ ಇರಬೇಕು.

ಒಂದು ಸುತ್ತಿನ ಫ್ರೇಮ್‌ಗಳು: 1ರಿಂದ 16, ಬಲಗೈ ಎಳೆಯುತ್ತದೆ, ಹಗ್ಗ 45 ಸೆಂ.ಮೀ. ಬರುತ್ತದೆ. 8ರಿಂದ 16, ಎಡಗೈ ಮೇಲೆ ಹೋಗುತ್ತದೆ. 17ರಲ್ಲಿ ಎಡಗೈ ಹಿಡಿಯುತ್ತದೆ. 17ರಿಂದ 19, ಎರಡೂ ಕೈ ಹಗ್ಗದ ಮೇಲೆ. 20ರಲ್ಲಿ ಬಲಗೈ ಬಿಡುತ್ತದೆ. 22ರವರೆಗೆ ಹಗ್ಗ ನಿಂತಿರುತ್ತದೆ, 23ರಿಂದ ಎಡಗೈಯ ಎಳೆತ. ಹಗ್ಗ ನಿಂತಾಗಲೇ ಕೈ ಬದಲಾಗುವುದರಿಂದ ಕನ್‌ಸ್ಟ್ರೇಂಟ್ ಹತ್ತುವ ಇಳಿಯುವ ಫ್ರೇಮಿನಲ್ಲಿ ಕೈ ಎಗರುವುದಿಲ್ಲ. ಬಿಡುವ ಮುಂಚಿನ ಫ್ರೇಮಿನಲ್ಲಿ ವಿಷುವಲ್ ಟ್ರಾನ್ಸ್‌ಫಾರ್ಮ್ ಅಪ್ಲೈ ಮಾಡಿ (ಕಣ್ಣಿಗೆ ಕಾಣುವ ಜಾಗವನ್ನೇ ಕೈಯ ಜಾಗವಾಗಿಸಿ) ಕೀ ಹಾಕಿಕೊಳ್ಳಬೇಕು, ಅಷ್ಟೇ. ಆಧಾರದ ವಿಡಿಯೋದಲ್ಲಿ ಉಸಿರು ತೆಗೆದುಕೊಳ್ಳುವಷ್ಟು ನಿಲ್ಲುತ್ತಿದ್ದ ಹಗ್ಗ ಇಲ್ಲಿ ತಾಂತ್ರಿಕ ತೊಡಕನ್ನೂ ಬಿಡಿಸಿತು. ಸುತ್ತಿಗೆ 22 ಫ್ರೇಮ್, ಆರು ಸುತ್ತಿಗೆ 132. ಮೊದಲ 40 ಕಾಲು ಊರಿ ನಿಲ್ಲಲು, ಕೊನೆಯ 44 ಕೊಡ ಕಟ್ಟೆಗೆ ಬರಲು. 9 ಮೀಟರಿಗೆ ನಿಜವಾಗಿ 20 ಎಳೆತ ಬೇಕು. ಉಳಿದ 14 ಬಾವಿಯೊಳಗಿನ ಶಾಟಿನ ಹಿಂದೆ ಅಡಗಿದವು.

ಆದರೂ ಅಂಗೈ ಹಗ್ಗದ ಮೇಲೆ ಜಾರುತ್ತಿತ್ತು. ಐಕೆ ಕಂಟ್ರೋಲ್ (ಸರಿಸಿದರೆ ಇಡೀ ತೋಳು ತಾನೇ ಹೊಂದಿಕೊಳ್ಳುವ ಹಿಡಿ) ಇರುವುದು ಮಣಿಕಟ್ಟಿನಲ್ಲಿ, ಹಗ್ಗ ಇರುವುದು ಅಂಗೈಯಲ್ಲಿ, ನಡುವೆ 8 ಸೆಂ.ಮೀ. ಮಣಿಕಟ್ಟು ಸ್ವಲ್ಪ ತಿರುಗಿದರೂ ಅಂಗೈ ಕಂಸದಂತೆ ಓಡುತ್ತದೆ. ಅಂಗೈಯ ನಡುವೆ ಒಂದು ಹೊಸ ಮೂಳೆ ಇಟ್ಟು, ಕಾಪಿ ಲೊಕೇಶನ್ ಅದಕ್ಕೆ ಹಾಕಿ, ಮಣಿಕಟ್ಟಿನ ಕಂಟ್ರೋಲನ್ನು ಅದರ ಮಗುವಾಗಿಸಿದ್ದು. ಈಗ ತಿರುಗುವುದು ಅಂಗೈಯ ಸುತ್ತ, ಹಿಡಿತ ಕದಲುವುದಿಲ್ಲ.

ಮೊಣಕೈ ಟಕ್ಕೆಂದು ನೆಟ್ಟಗಾಗುವುದು ಇನ್ನೊಂದು ಕಾಯಿಲೆ. ಐಕೆ ಗುರಿ ತೋಳಿನ ಉದ್ದ ಮೀರಿದಾಗ ಹೀಗಾಗುತ್ತದೆ. ಮದ್ದು ಕೈಗಲ್ಲ, ಮೈಗೆ: ಮೇಲೆ ಹಿಡಿಯುವ ಫ್ರೇಮಿನಲ್ಲಿ ಭುಜ ಎತ್ತಿ, ಎದೆಯನ್ನು 3 ಸೆಂ.ಮೀ. ಹಗ್ಗದ ಕಡೆ ತಂದರೆ ತೋಳಿನಲ್ಲಿ ಸ್ವಲ್ಪ ಬಾಗು ಉಳಿಯುತ್ತದೆ. ನೋಡಲೂ ಅದೇ ಸಹಜ, ಆ ವಯಸ್ಸಿನವರು ಭುಜ ಎತ್ತಿಯೇ ಹಗ್ಗ ಹಿಡಿಯುತ್ತಾರೆ.

ಹಿಂದಕ್ಕೆ ತಿರುಗಿದ ರಾಟೆ

ಕೊಡಪಾನ ಇಳಿಯುವ ಶಾಟಿನಲ್ಲಿ ವೇಗ ಸೆಕೆಂಡಿಗೆ 2 ಮೀಟರ್ ಇತ್ತು. ರಾಟೆ ಫ್ರೇಮಿಗೆ 40 ಡಿಗ್ರಿ ತಿರುಗುತ್ತದೆ. ಅದರ ಕಡ್ಡಿಗಳು ನಾಲ್ಕು, 90 ಡಿಗ್ರಿಗೆ ಒಂದು. 45 ಡಿಗ್ರಿಯ ಹತ್ತಿರ ಬಂದರೆ ಕಡ್ಡಿ ಮುಂದೆ ಹೋಯಿತೋ ಹಿಂದೆ ಬಂತೋ ಕಣ್ಣಿಗೆ ಗೊತ್ತಾಗುವುದಿಲ್ಲ, ರಾಟೆ ನಡುಗಿದಂತೆ ಕಂಡಿತು. ವೇಗವನ್ನು ಒಂದೂವರೆ ಮೀಟರಿಗೆ ಇಳಿಸಿದ್ದು, ಆಗ 30 ಡಿಗ್ರಿ. ಶಟರ್ 0.5ರಲ್ಲಿ (ಅರ್ಧ ಫ್ರೇಮಿನಷ್ಟು) ಮೋಷನ್ ಬ್ಲರ್ ಹಾಕಿದ್ದು. ಒಂದು ಕಡ್ಡಿಗೆ ಮಾತ್ರ ದಪ್ಪ ತುಕ್ಕು ಬಳಿದದ್ದು. ಮೂರೂ ಸೇರಿ ಸರಿಹೋಯಿತು.

ಹಗ್ಗದಲ್ಲೂ ಅದೇ ತೊಂದರೆ ಇತ್ತು, ಅದು ಕಣ್ಣಿಗೆ ಬೀಳಲು ತಡವಾಯಿತು. ಮೂರು ಎಳೆಯ ಹೊಸೆತ 7 ಸೆಂ.ಮೀ.ಗೆ ಒಂದು ಸುತ್ತು ಎಂದರೆ ಪಕ್ಕದಿಂದ ನೋಡುವಾಗ 2.33 ಸೆಂ.ಮೀ.ಗೊಮ್ಮೆ ಅದೇ ಆಕಾರ. ಎಳೆತದಲ್ಲಿ ಹಗ್ಗ ಫ್ರೇಮಿಗೆ 2.8 ಸೆಂ.ಮೀ. ಸರಿಯುತ್ತದೆ. ಕಣ್ಣಿಗೆ ಸಿಗುವುದು ಅವೆರಡರ ವ್ಯತ್ಯಾಸ, ಅರ್ಧ ಸೆಂ.ಮೀ. ಕೈ ಇಳಿಯುತ್ತಿದೆ, ಹಗ್ಗ ಮಾತ್ರ ನಿಂತೇ ಇದೆ! ಹಗ್ಗಕ್ಕೆ ಗುರುತು ಬೇಕು: 30ರಿಂದ 50 ಸೆಂ.ಮೀ.ಗೆ ಒಂದರಂತೆ ಅಸಮವಾಗಿ ಒದ್ದೆಯ ಕಪ್ಪು ಕಲೆ, ಒಂದು ಕಡೆ ಹರಿದು ಗಂಟು ಹಾಕಿದ ಜಾಗ, ಅಲ್ಲಲ್ಲಿ ಎದ್ದ ನಾರು. ಕಲೆಗಳನ್ನು 14 ಮೀಟರ್ ಉದ್ದಕ್ಕೂ ಬೇರೆಯದೇ ಯುವಿಯಲ್ಲಿ (ಚಿತ್ರವನ್ನು ಮೇಲ್ಮೈಗೆ ಹೊಂದಿಸುವ ನಕ್ಷೆಯಲ್ಲಿ) ಹಾಕಬೇಕು, ಇಲ್ಲದಿದ್ದರೆ ಅರೇಯ ಪ್ರತಿ ತುಂಡಿನಲ್ಲೂ ಅದೇ ಕಲೆ ಬಂದು ಮೊದಲಿನ ಸ್ಥಿತಿಗೇ ಮರಳುತ್ತದೆ.

ವಾರ 9–11: ಸೀರೆ, ಉಳಿದ ಶಾಟ್

ಇಡೀ ಸೀರೆಯನ್ನು ಕ್ಲಾತ್ ಸಿಮ್ಯುಲೇಷನ್ (ಬಟ್ಟೆಯ ಚಲನೆಯನ್ನು ಕಂಪ್ಯೂಟರಿನಿಂದಲೇ ಲೆಕ್ಕ ಹಾಕಿಸುವುದು) ಮಾಡುವ ಆಸೆಯನ್ನು ಬಿಡಬೇಕು. ನೀರು ಸೇದುವವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ, ನೆರಿಗೆಯನ್ನು ತುಸು ಎತ್ತಿ ಕಟ್ಟುತ್ತಾರೆ. ಹಾಗಾಗಿ ಮೈಗೆ ಅಂಟಿದ ಭಾಗವೆಲ್ಲ ಮೂಳೆಗಳಿಗೆ ಸ್ಕಿನ್ (ಅವುಗಳ ಜೊತೆಗೇ ಚಲಿಸುವಂತೆ ಕಟ್ಟಿದ್ದು), ಸೊಂಟ ಬಗ್ಗುವಲ್ಲಿ ಆಕಾರ ತಿದ್ದುವ ಮೂರು ಕರೆಕ್ಟಿವ್ ಶೇಪ್ ಕೀ. ಸಿಮ್ಯುಲೇಷನ್ ಸಿಕ್ಕಿಸಿದ ಸೆರಗಿನ ತುದಿಗೆ ಮಾತ್ರ, 1800 ಮುಖಗಳು (ಮೇಲ್ಮೈಯ ಸಣ್ಣ ತುಂಡುಗಳು), ಸಿಕ್ಕಿಸಿದ ಸಾಲು ಕದಲದಂತೆ ಪಿನ್. ಫ್ರೇಮಿಗೆ ಎಷ್ಟು ಸಲ ಲೆಕ್ಕ ಎಂಬ ಕ್ವಾಲಿಟಿ ಸ್ಟೆಪ್ 5ರಿಂದ 12ಕ್ಕೆ ಏರಿಸಿದ್ದು, ಏಕೆಂದರೆ ಸೊಂಟ ರಭಸವಾಗಿ ತಿರುಗಿದಾಗ ಬಟ್ಟೆ ತೊಡೆಯೊಳಗೆ ಹೊಕ್ಕುತ್ತಿತ್ತು. ಶಾಟ್ 1001ನೇ ಫ್ರೇಮಿನಿಂದ ಶುರು, ಸಿಮ್ಯುಲೇಷನ್ 971ರಿಂದ. ಆ 30 ಫ್ರೇಮಿನಲ್ಲಿ ಅಜ್ಜಿ ಕೈ ಚಾಚಿದ ಮೂಲ ಭಂಗಿಯಿಂದ ಶಾಟಿನ ಮೊದಲ ಭಂಗಿಗೆ ಬರುತ್ತಾಳೆ, ಬಟ್ಟೆ ಇಳಿದು ನಿಲ್ಲುತ್ತದೆ.

ನೀರಿಗೆ ಫ್ಲೂಯಿಡ್ ಸಿಮ್ಯುಲೇಷನ್ ಬೇಕಾಗಲಿಲ್ಲ. ಕೊಡದೊಳಗಿನ ನೀರು ಒಂದು ಅಲುಗುವ ಮೇಲ್ಮೈ. ತುಳುಕಿ ಬೀಳುವುದು ಕೈಯಿಂದ ಆನಿಮೇಟ್ ಮಾಡಿದ 40 ಹನಿ.

ವಾರ 12–14: ಬೆಳಕು, ರೆಂಡರ್

ಹಿತ್ತಲಿನ ಶಾಟ್‌ಗಳು ಬ್ಲೆಂಡರಿನ ರೆಂಡರ್ ಎಂಜಿನ್ ಸೈಕಲ್ಸಿನಲ್ಲಿ ಫ್ರೇಮಿಗೆ 90 ಸೆಕೆಂಡಿನಲ್ಲಿ ಮುಗಿದವು. ಕಾಡಿದ್ದು ಬಾವಿಯೊಳಗಿನ ಶಾಟ್. ಬೆಳಕು ಮೇಲಿನ ಒಂದು ವೃತ್ತದಿಂದ ಮಾತ್ರ, ಗೋಡೆಯಿಂದ ಗೋಡೆಗೆ ಪುಟಿದು ಬರುವುದರಿಂದ ಚುಕ್ಕಿ ಚುಕ್ಕಿ ನಾಯ್ಸ್, ತಾಮ್ರದ ಕೊಡದ ಹೊಳಪಿನಿಂದ ಅಲ್ಲಲ್ಲಿ ಮಿಂಚುಹುಳದಂಥ ಬಿಳಿ ಬಿಂದು. ಮೊದಲ ಅಳತೆ ಫ್ರೇಮಿಗೆ 11 ನಿಮಿಷ.

ಬದಲಿಸಿದ್ದು: ಗರಿಷ್ಠ ಸ್ಯಾಂಪಲ್ (ಪಿಕ್ಸೆಲ್ಲಿಗೆ ಎಷ್ಟು ಸಲ ಬೆಳಕು ಅಳೆಯುವುದು) 4096ರಿಂದ 512, ನಾಯ್ಸ್ ಥ್ರೆಶೋಲ್ಡ್ (ಸಹಿಸುವ ನಾಯ್ಸಿನ ಮಿತಿ) 0.01ರಿಂದ 0.05, ಬೆಳಕಿನ ಒಟ್ಟು ಪುಟಿತ 12ರಿಂದ 6, ಪುಟಿದ ಬೆಳಕಿನ ತೀವ್ರತೆಗೆ ಮಿತಿ ಹಾಕುವ ಇಂಡೈರೆಕ್ಟ್ ಕ್ಲ್ಯಾಂಪ್ 10ರಿಂದ 3, ಕಾಸ್ಟಿಕ್ಸ್ (ಹೊಳಪಿನಿಂದ ಒಂದೆಡೆ ಕೂಡಿ ಬೀಳುವ ಬೆಳಕು) ಬಂದ್. ಬಾಯಿಯಿಂದ 3 ಮೀಟರ್ ಕೆಳಗೆ ಕ್ಯಾಮೆರಾಗೆ ಕಾಣದ ಒಂದು ಏರಿಯಾ ಲೈಟ್, ಪುಟಿದ ಬೆಳಕಿನ ಕೆಲಸವನ್ನು ಅದು ನೇರವಾಗಿ ಮಾಡುತ್ತದೆ. ಪರ್ಸಿಸ್ಟೆಂಟ್ ಡೇಟಾ (ದೃಶ್ಯವನ್ನು ಫ್ರೇಮಿನಿಂದ ಫ್ರೇಮಿಗೆ ಮೆಮೊರಿಯಲ್ಲೇ ಉಳಿಸುವುದು) ಆನ್. ಈಗ 2 ನಿಮಿಷ 10 ಸೆಕೆಂಡ್. ಒಂಟಿ ಫ್ರೇಮ್ ಚೆನ್ನಾಗಿತ್ತು, ಓಡಿಸಿ ನೋಡಿದಾಗ ಪಾಚಿ ಕುದಿಯುವಂತೆ ಮಿಡಿಯಿತು: ನಾಯ್ಸ್ ಅಳಿಸುವ ಡಿನಾಯ್ಸರ್ ಪ್ರತಿ ಫ್ರೇಮನ್ನೂ ಬೇರೆಯಾಗಿ ಊಹಿಸುತ್ತದೆ. ಆ ಶಾಟಿಗೆ ಮಾತ್ರ ಸ್ಯಾಂಪಲ್ 1024, ಥ್ರೆಶೋಲ್ಡ್ 0.02. ಒಂದು ಫ್ರೇಮ್ ನೋಡಿ ರೆಂಡರ್ ಸೆಟ್ಟಿಂಗ್ ಒಪ್ಪಬಾರದು, ಕನಿಷ್ಠ 24 ಫ್ರೇಮ್ ಓಡಿಸಿ ನೋಡಬೇಕು.

ಔಟ್‌ಪುಟ್ ವಿಡಿಯೋ ಅಲ್ಲ, ಫ್ರೇಮಿಗೊಂದು ಇಎಕ್ಸ್‌ಆರ್ ಕಡತ. ಫ್ರೇಮಿಗೆ 15 ಎಂಬಿ ಆದರೆ ಒಟ್ಟು ಸುಮಾರು 35 ಜಿಬಿ. ಕರೆಂಟು ಹೋದರೆ ಹೋಗುವುದು ಆ ಒಂದು ಫ್ರೇಮ್ ಮಾತ್ರ. ಓವರ್‌ರೈಟ್ ಆಫ್, ಪ್ಲೇಸ್‌ಹೋಲ್ಡರ್ ಆನ್ ಇಟ್ಟರೆ ಸ್ನೇಹಿತರ ಕಂಪ್ಯೂಟರನ್ನೂ ಅದೇ ಫೋಲ್ಡರಿಗೆ ಹಚ್ಚಬಹುದು, ಇಬ್ಬರೂ ಒಂದೇ ಫ್ರೇಮ್ ಮಾಡುವುದಿಲ್ಲ. ಆದರೆ ಒಂದು ಎಚ್ಚರ: ನಡುವೆ ಕರೆಂಟು ಹೋದಾಗ ಮಾಡುತ್ತಿದ್ದ ಫ್ರೇಮಿನ ಹೆಸರಲ್ಲಿ ಸೊನ್ನೆ ಬೈಟಿನ ಕಡತ ಉಳಿಯುತ್ತದೆ. ಮತ್ತೆ ಶುರು ಮಾಡಿದಾಗ ಅದು ಮುಗಿದಿದೆ ಎಂದು ದಾಟಿ ಹೋಗುತ್ತದೆ. ಫೋಲ್ಡರನ್ನು ಗಾತ್ರದ ಕ್ರಮದಲ್ಲಿ ಜೋಡಿಸಿ ಸೊನ್ನೆಯವನ್ನು ಅಳಿಸಿದ ಮೇಲೆಯೇ ಮುಂದಿನ ರೆಂಡರ್.

ವಾರ 15–16

ರಾಟೆಯ ಕಿರುಗುಡುವ ಸದ್ದು ನಿಜವಾದ ಬಾವಿಯದು, 48 ಕಿಲೋಹರ್ಟ್ಸ್. ಸದ್ದಿನ ಶಿಖರ ಎಳೆತದ ನಡುವೆ ಅಲ್ಲ, ಶುರುವಿನಲ್ಲಿ ಬರಬೇಕು. ನಿಂತ ರಾಟೆ ಕದಲುವಾಗಲೇ ಹೆಚ್ಚು ಕಿರುಗುಟ್ಟುವುದು. ಅದನ್ನು ಎರಡು ಫ್ರೇಮ್ ಮುಂದೆ ತಂದ ಕೂಡಲೇ, ಆನಿಮೇಷನ್ ಮುಟ್ಟದೆಯೇ, ಕೊಡ ಇನ್ನಷ್ಟು ಭಾರವಾಯಿತು.

ಜ್ಯೂರಿಗೆ ಒಯ್ಯುವ ಪ್ರತಿ: ಎಚ್ 264, 1080, 20 ಮೆಗಾಬಿಟ್, ಒಟ್ಟು ಸುಮಾರು 240 ಎಂಬಿ. ಜೊತೆಗೆ 2 ಜಿಬಿಯಷ್ಟಾಗುವ ಹೆಚ್ಚು ಗುಣಮಟ್ಟದ ಪ್ರೋರೆಸ್ ಪ್ರತಿ ಒಂದು. ಪೆನ್‌ಡ್ರೈವ್ ಎಕ್ಸ್‌ಫ್ಯಾಟ್‌ನಲ್ಲಿರಲಿ, ಫ್ಯಾಟ್ 32ರಲ್ಲಿ 4 ಜಿಬಿ ಮೀರಿದ ಒಂದೇ ಕಡತ ಕೂರುವುದಿಲ್ಲ. ಎರಡನೇ ವಾರದ ಪೆಟ್ಟಿಗೆ ಅಜ್ಜಿಯಿಂದ ಕೊನೆಯ ರೆಂಡರಿನವರೆಗೆ ಆರನೇ ಶಾಟಿನ ಎಲ್ಲ ಕರಡು ವಿಡಿಯೋ, ಅಂದರೆ ಪ್ಲೇಬ್ಲಾಸ್ಟ್‌ಗಳನ್ನೂ ಸಾಲಾಗಿ ಜೋಡಿಸಿ 40 ಸೆಕೆಂಡಿನ ಇನ್ನೊಂದು ಕಡತ. ಕೆಲಸ ಕೇಳಲು ಹೋಗುವಾಗ ಶೋರೀಲಿನ (ಮಾಡಿದ ಕೆಲಸಗಳ ಮಾದರಿ ವಿಡಿಯೋದ) ಮೊದಲಿಗೆ ಬರಬೇಕಾದದ್ದು ಆರನೇ ಶಾಟೇ, ಹಗ್ಗ ಕೈ ಬದಲಾಗುವ ಆ ಮೂರು ಫ್ರೇಮ್ ಕತ್ತರಿಸದೆ.